ಎಣ್ಣೆ ಕುಡಿಯುವ ಕಲ್ಲು

ಗಾಣದ ಗುರವ್ವ ಊರಲ್ಲಿ ಮರ್ಯಾದೆ ಕೊಟ್ಟು ಮಾತಾಡಿಸುತ್ತಿದ್ದದ್ದು ತನ್ನ ಎತ್ತನ್ನು ಮಾತ್ರ. ಅದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ದಿನವಿಡೀ ಗಾಣ ಸುತ್ತುತ್ತಿತ್ತು, ಆದರೆ ಎಲ್ಲಿಗೋ ಹೋಗಿ ಬಂದೆನೆಂದು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ. ಊರ ಮಂದಿಯ ಬಗ್ಗೆ ಅವಳಿಗೆ ಇಂಥ ಒಳ್ಳೆಯ ಮಾತು ಹೇಳಲು ಬರುತ್ತಿರಲಿಲ್ಲ. ಗಂಡ ಲಕ್ಷ್ಮಣಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಣ್ಣಿಗೇರಿಯಲ್ಲಿ ಕರೆಂಟಿನ ಗಿರಣಿ ಶುರುವಾದ ಮೇಲೆ ಊರ ಹೆಂಗಸರು ಸಂತೆಗೆ ಹೋದಾಗ ಅಲ್ಲಿಯ ಎಣ್ಣೆಯನ್ನೇ ಡಬ್ಬಿ ತುಂಬಿಸಿಕೊಂಡು ಬಂದು, ಗುರವ್ವನ ಮನೆ ಮುಂದೆ ಹಾಯುವಾಗ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಅವರು ಗಿರಣಿ ಎಣ್ಣೆ ತಂದದ್ದಕ್ಕಿಂತ ಮುಚ್ಚಿಕೊಂಡದ್ದಕ್ಕೇ ಅವಳಿಗೆ ಹೇಸಿಗೆ ಎನಿಸುತ್ತಿತ್ತು.

ಕುಳದ ಕಾಯ್ದೆ ಬಂದ ಮರುವರ್ಷದ ಮಾತಿದು. ಹೊಲ ಯಾರದೇ ಇರಲಿ, ಬಿತ್ತಿ ಬೆಳೆಯುವವನು ಅರ್ಜಿ ಕೊಟ್ಟರೆ ಅದು ಅವನದಾಗುತ್ತದೆ ಎಂದು ನವಲಗುಂದದಿಂದ ಬಂದ ಸಾಹೇಬರು ಚಾವಡಿಯಲ್ಲಿ ಓದಿ ಹೇಳಿ ಹೋಗಿದ್ದರು. ಶಲವಡಿಯ ಆಚೆಗೆ ಎರಡು ಹರದಾರಿ ದೂರವಿದ್ದ ಆ ಊರಲ್ಲಿ ಹೆಚ್ಚು ಹೊಲ ಇದ್ದದ್ದು ಈರಬಸಪ್ಪ ಸಾವಕಾರನಿಗೆ. ಅವನ ಹೊಲಗಳಲ್ಲಿ ಒಳ್ಳೆಯದೆಂದರೆ ಹಳ್ಳದ ಬದಿಯ ಎಂಟೆಕರೆ ಎರೆಭೂಮಿ. ಅದನ್ನು ಸಣ್ಣಪ್ಪ ಎಂಬವನು ಪಾಲಿಗೆ ಮಾಡುತ್ತಿದ್ದ. ಅವನ ಅಪ್ಪನೂ ಅದನ್ನೇ ಮಾಡಿ ಸತ್ತಿದ್ದ. ಸಣ್ಣಪ್ಪ ತಲಾಟಿಯ ಕೈಯಿಂದ ಅರ್ಜಿಯ ಕಾಗದ ತಂದು, ಸಾಲಿ ಮಾಸ್ತರರ ಕೈಯಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆಂಬುದು ಊರಿಗೆಲ್ಲ ಗೊತ್ತಿತ್ತು. ನವಲಗುಂದಕ್ಕೆ ಹೋಗಿ ಕೊಟ್ಟು ಬರಲು ಮಾತ್ರ ಅವನಿಗೆ ಧೈರ್ಯ ಸಾಲದೆ, ಇವತ್ತು ನಾಳೆ ಎನ್ನುತ್ತ ಐದು ತಿಂಗಳು ಕಳೆದಿದ್ದ.

ಹೀಗಿರುವಾಗ ಯುಗಾದಿಗೆ ಎಂಟು ದಿನ ಮುಂಚೆ ಆ ಎಂಟೆಕರೆಯಲ್ಲಿ ದೇವರು ಎದ್ದ.

ಎಬ್ಬಿಸಿದವನು ಮಡಿವಾಳೆಪ್ಪ. ಸಾವಕಾರನ ಮನೆಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುವುದೇ ಅವನ ಕಸುಬು. ಸಾವಕಾರ ಸೀನಿದರೆ ಶಿವ ಶಿವ ಎನ್ನುವುದು ಅದರ ಜೊತೆಗಿನ ಇನ್ನೊಂದು ಕೆಲಸ. ಅವನಿಗೆ ಮೂರು ಸಲ ಒಂದೇ ಕನಸು ಬಿತ್ತಂತೆ. ಹಳ್ಳದ ಬದಿಯ ಬೇವಿನ ಗಿಡದ ಕೆಳಗೆ ಅಗೆದರೆ ತಾನಿದ್ದೇನೆ, ಬಾಯಾರಿದೆ ಎಂದು ದೇವರು ಹೇಳಿತಂತೆ. ಅಗೆದರು. ಮೊಣಕಾಲುದ್ದದ ಕೆಂಪು ಕಲ್ಲೊಂದು ಸಿಕ್ಕಿತು. ನಿಲ್ಲಿಸಿ, ವಿಭೂತಿ ಬಳಿದು, ಬಾಯಾರಿಕೆಗೆಂದು ಒಂದು ಮಿಳ್ಳೆ ಎಣ್ಣೆ ಎರೆದರೆ ಕಲ್ಲು ಅದನ್ನು ಕುಡಿದುಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಅಲ್ಲಿತ್ತು.

ಗುರವ್ವನಿಗೆ ಸುದ್ದಿ ಮುಟ್ಟಿದ್ದು ಗಿರಾಕಿಗಳಿಂದ. ವರ್ಷಾನುಗಟ್ಟಲೆ ಅವಳ ಬಾಗಿಲು ತುಳಿಯದವರು ಅವತ್ತು ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ದೇವರಿಗೆ ಗಿರಣಿಯ ಎಣ್ಣೆ ನಡೆಯುವುದಿಲ್ಲ, ಎತ್ತಿನ ಗಾಣದ್ದೇ ಆಗಬೇಕು ಎಂದು ಮಡಿವಾಳೆಪ್ಪ ಹೇಳಿದ್ದನಂತೆ. ಮಕ್ಕಳ ರೊಟ್ಟಿಗೆ ಚಟ್ನಿ ಪುಡಿಯ ಮೇಲೆ ಹನಿ ಎಣ್ಣೆ ಬಿಡಲು ಲೆಕ್ಕ ಹಾಕುವವರು ಕಲ್ಲಿನ ಹೊಟ್ಟೆಗೆ ಪಾವುಗಟ್ಟಲೆ ಒಯ್ಯುತ್ತಿದ್ದರು. ಅವಳು ಅಳೆದು ಕೊಟ್ಟಳು. ಇದ್ದದ್ದು ಮುಗಿದ ಮೇಲೆ ಎತ್ತಿನ ಕೊರಳ ನೊಗ ಬಿಚ್ಚಿ ಮೇವು ಹಾಕಿ, ಆ ದೇವರ ಮುಖವನ್ನೊಮ್ಮೆ ನೋಡಿ ಬರೋಣವೆಂದು ಹೊರಟಳು.

ಬೇವಿನ ಗಿಡದ ಕೆಳಗೆ ಮಂದಿ ಕಿಕ್ಕಿರಿದಿದ್ದರು. ಮಡಿವಾಳೆಪ್ಪ ಮಡಿ ಉಟ್ಟು, ಹಣೆ ತೋಳಿಗೆಲ್ಲ ವಿಭೂತಿ ಹಚ್ಚಿಕೊಂಡು, ಹುಟ್ಟುವಾಗಲೇ ಪೂಜಾರಿಯಾಗಿ ಹುಟ್ಟಿದವನಂತೆ ಕೂತಿದ್ದ. ಗುರವ್ವನ ಮುಂದೆಯೇ ಒಂದು ಮಿಳ್ಳೆ ಎರೆದ. ಎಣ್ಣೆ ಕಲ್ಲಿನ ನೆತ್ತಿಯ ಮೇಲೆ ಒಂದು ಗಳಿಗೆ ಹೊಳೆಯಿತು. ಆಮೇಲೆ ಕಲ್ಲಿನ ಬಣ್ಣ ಕಪ್ಪಾಗುತ್ತ ಬಂದು, ಹೊಳಪು ಅಂಚಿನಿಂದ ಒಳಗೆ ಸರಿದು ಇಲ್ಲವಾಯಿತು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಜನ ಕೈ ಜೋಡಿಸಿ ಹೋ ಎಂದರು. ಕಲ್ಲಿನ ಎಡಮೂಲೆ ಮುರಿದಿತ್ತು. ಅದು ಬಸವಣ್ಣ ಗೊರಸು ಊರಿದ ಗುರುತೆಂದು ಮಡಿವಾಳೆಪ್ಪ ತೋರಿಸುತ್ತಿದ್ದ.

ಗುರವ್ವ ಆ ಮುರಿದ ಮೂಲೆಯನ್ನು ನೋಡಿದಳು, ಮಡಿವಾಳೆಪ್ಪನನ್ನು ನೋಡಿದಳು. ನಗಬೇಕೋ ಉಗುಳಬೇಕೋ ತಿಳಿಯದಾಯಿತು. ಎಂಟು ವರ್ಷದ ಹಿಂದೆ ಸಾವಕಾರ ತನ್ನ ಮನೆಯ ಕಟ್ಟೆ ಕಟ್ಟಿಸಿದಾಗ ಬಾದಾಮಿ ಕಡೆಯಿಂದ ನಾಲ್ಕು ಬಂಡಿ ಕೆಂಪು ಕಲ್ಲು ತರಿಸಿದ್ದ. ಇಳಿಸಲು ಕರೆದವರಲ್ಲಿ ಅವಳ ಗಂಡನೂ ಒಬ್ಬ. ಕೈಜಾರಿ ಒಂದು ಕಲ್ಲು ಲಕ್ಷ್ಮಣಪ್ಪನ ಕಾಲ್ಬೆರಳ ಮೇಲೆ ಬಿದ್ದು, ಬೆರಳೂ ಒಡೆದು, ಆಚೆಗಿದ್ದ ಗುಂಡುಕಲ್ಲಿನ ಮೇಲೆ ಉರುಳಿ ಕಲ್ಲಿನ ಮೂಲೆಯೂ ಮುರಿದಿತ್ತು. ಒಂದು ತಿಂಗಳು ಅವನ ಕಾಲಿಗೆ ಅರಿಸಿನ ಕಟ್ಟಿದವಳು ಇವಳೇ. ಮೂಲೆ ಮುರಿದದ್ದೆಂದು ಆ ಕಲ್ಲನ್ನು ಸಾವಕಾರನ ದನದ ಕೊಟ್ಟಿಗೆಯ ಹಿಂದೆ ಬಿಸಾಕಿದ್ದರು. ಉಳಿದಿದ್ದ ಇನ್ನೊಂದನ್ನು ಸಣ್ಣಪ್ಪ ಬೇಡಿಕೊಂಡು ಒಯ್ದು ತನ್ನ ಬಾಗಿಲ ಮುಂದೆ ಮೆಟ್ಟಿಲಿಗೆ ಹಾಕಿಕೊಂಡಿದ್ದ. ಈಗ ಕೊಟ್ಟಿಗೆಯ ಹಿಂದಿನದು ರಾತ್ರೋರಾತ್ರಿ ಹೊಲಕ್ಕೆ ಹೋಗಿ ಹೂತುಕೊಂಡು ಬಾಯಾರಿ ಎದ್ದಿತ್ತು.

ಕಲ್ಲು ಎಣ್ಣೆ ಕುಡಿಯುವುದರಲ್ಲಿ ಅವಳಿಗೆ ಆಶ್ಚರ್ಯವೇನೂ ಕಾಣಲಿಲ್ಲ. ಉಸುಕಿನ ಕಲ್ಲು, ಮೈತುಂಬ ಕಣ್ಣಿಗೆ ಕಾಣದ ತೂತು. ಸುಡು ಬಿಸಿಲಲ್ಲಿ ವರ್ಷಗಟ್ಟಲೆ ಒಣಗಿದ್ದು ಕುಡಿಯದೆ ಇನ್ನೇನು ಮಾಡೀತು? ಹೊಸ ಗಾಣ ಹೂಡಿದಾಗಲೂ ಹಾಗೆಯೇ. ಮೊದಲ ನಾಲ್ಕಾರು ದಿನ ಹಿಂಡಿದ ಎಣ್ಣೆಯನ್ನೆಲ್ಲ ಗಾಣದ ಕಟ್ಟಿಗೆಯೇ ಕುಡಿಯುತ್ತದೆ. ಅದರ ಹೊಟ್ಟೆ ತುಂಬಿದ ಮೇಲೆಯೇ ಗಾಣಿಗನ ಪಾತ್ರೆಗೆ ಹನಿ ಬೀಳುವುದು. ಹಾಗೆಂದು ಅವಳ ಅತ್ತೆ ಗಾಣಕ್ಕೆ ಅಡ್ಡಬಿದ್ದಿರಲಿಲ್ಲ. ಬೈದಿದ್ದಳು.

ಸಾವಕಾರನ ಆಟವೂ ಅವಳಿಗೆ ಅಲ್ಲಿಯೇ ಅರ್ಥವಾಯಿತು. ಸಂಜೆ ಅವನೇ ಬಂದ. ಬಿಳಿ ಪಟಕಾ, ಬರಿಗಾಲು. ಎಂದೂ ದನಿ ಏರಿಸದ ಮನುಷ್ಯ. ದೇವರಿಗೆ ಕೈಮುಗಿದು, ಈ ಹೊಲ ಇನ್ನು ತನ್ನದೂ ಅಲ್ಲ, ಮತ್ತೊಬ್ಬರದೂ ಅಲ್ಲ, ಈ ಗಿಡದ ಕೆಳಗೆ ಕೂತವನದು ಎಂದ. ಉತ್ತು ಬಿತ್ತಲಿ, ಅಡ್ಡಿಯಿಲ್ಲ. ಪಾಲು ಮೊದಲಿನಂತೆ ತನ್ನ ಮನೆಗೇ ಬರಲಿ, ಪೂಜೆಯ ಖರ್ಚು ತಾನು ನೋಡಿಕೊಳ್ಳುತ್ತೇನೆ. ಆದರೆ ದೇವರ ಭೂಮಿಯನ್ನು ಕಾಗದದ ಮೇಲೆ ತನ್ನ ಹೆಸರಿಗೆ ಬರೆಸಿಕೊಳ್ಳುವವರು ಯಾರಾದರೂ ಇದ್ದರೆ, ಅವರನ್ನು ತಾನು ಬೇಡವೆನ್ನುವುದಿಲ್ಲ, ಅದನ್ನು ದೇವರೇ ನೋಡಿಕೊಳ್ಳುತ್ತದೆ. ಇಷ್ಟು ಹೇಳಿ ಅವನು ಸಣ್ಣಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಸಣ್ಣಪ್ಪ ಮಾತ್ರ ಎಲ್ಲರಿಗಿಂತ ಮುಂದೆ ಹೋಗಿ ಉದ್ದಂಡ ಬಿದ್ದ.

ಗುರವ್ವನಿಗೆ ಸಾವಕಾರನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ನರಿ ಕೋಳಿ ಕದಿಯುತ್ತದೆ, ಅದು ಅದರ ಹೊಟ್ಟೆಪಾಡು. ಕತ್ತು ಚಾಚಿ ಕೊಡುವ ಕೋಳಿಯನ್ನು ಕಂಡರೆ ಮಾತ್ರ ಅವಳ ಮೈ ಉರಿಯುತ್ತಿತ್ತು.

ಮರುದಿನ ಅವಳು ಸಣ್ಣಪ್ಪನ ಮನೆಗೆ ಹೋದಳು. ಅವನು ದೂರದ ನಂಟ. ಚಿಗವ್ವ ಎಂದು ಕರೆಯುತ್ತಿದ್ದ. ಕಲ್ಲು ಎಲ್ಲಿಂದ ಬಂದದ್ದು, ಮೂಲೆ ಹೇಗೆ ಮುರಿದದ್ದು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಎರಡೂ ಕಿವಿ ಮುಚ್ಚಿಕೊಂಡ. ಅವನ ಹೆಂಡತಿ ಶಾರದವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು.

“ನಿನ್ನ ಬಾಗಲದಾಗಿನ ಕಲ್ಲೂ ಅದ ಬಂಡ್ಯಾಗ ಬಂದದ್ದಲೇ. ಒಂದ ಮಿಳ್ಳಿ ಎಣ್ಣಿ ಹಾಕಿ ನೋಡು. ಅದೂ ಕುಡೀತೈತಿ,” ಎಂದಳು ಗುರವ್ವ.

“ಬ್ಯಾಡ ಚಿಗವ್ವ. ದೇವರನ್ನ ಪರೀಕ್ಷಾ ಮಾಡಬಾರದು.”

“ದೇವರನ್ನಲ್ಲೋ, ಕಲ್ಲನ್ನ.”

“ಕಲ್ಲ ಆದ್ರ ಹಂಗ್ಯಾಕ ಕುಡೀತೈತಿ?” ಎಂದ ಸಣ್ಣಪ್ಪ.

ಗುರವ್ವ ಎದ್ದು ನಿಂತಳು. ಈ ಬುದ್ಧಿಗೆ ಎಂಟೆಕರೆ ಯಾಕೆ, ಎಂಟು ಗೇಣು ನೆಲ ಕೊಟ್ಟರೂ ಅದರಲ್ಲಿ ತನ್ನನ್ನೇ ಹೂತುಕೊಂಡಾನು ಎನಿಸಿತು. ಆದರೂ ಹೊಸ್ತಿಲು ದಾಟುವ ಮುಂಚೆ ಒಂದು ಮಾತು ಹೇಳಿದಳು. ಯಾವ ಕಲ್ಲಿಗೂ ಹೊಟ್ಟೆ ಅಂತ ಒಂದು ಇರುತ್ತದೆ. ಕಾರಹುಣ್ಣಿಮೆಯ ಒಳಗೆ ಅದು ತುಂಬುತ್ತದೆ, ಅವತ್ತು ಎಣ್ಣೆ ಹೊರಗೆ ಹರಿಯುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲಾದರೂ ಕಾಗದ ತೆಗೆದುಕೊಂಡು ನವಲಗುಂದದ ಬಸ್ಸು ಹತ್ತು ಎಂದಳು.

ಮುಂದಿನ ಎರಡು ತಿಂಗಳು ಗುರವ್ವನ ಗಾಣ ಹಿಂದೆಂದೂ ತಿರುಗದಷ್ಟು ತಿರುಗಿತು. ಸೋಮವಾರ ಬಂತೆಂದರೆ ಶಲವಡಿಯಿಂದ, ನವಲಗುಂದದ ಕಡೆಯಿಂದ ಬಂಡಿ ಕಟ್ಟಿಕೊಂಡು ಮಂದಿ ಬರುತ್ತಿದ್ದರು. ಮಕ್ಕಳಾಗದವರು, ಕೋರ್ಟಿನ ಕೇಸು ಇದ್ದವರು, ಎಮ್ಮೆ ಕಳಕೊಂಡವರು. ದೇವರಿಗೆ ಬೆಳ್ಳಿಯ ಕಣ್ಣು ಬಂದವು. ಮಡಿವಾಳೆಪ್ಪನ ಕೊರಳಿಗೆ ರುದ್ರಾಕ್ಷಿ ಬಂತು, ಹೊಟ್ಟೆ ಬಂತು. ದನಿಯೂ ಬದಲಾಗಿ ಮೂಗಿನಿಂದ ಮಾತಾಡತೊಡಗಿದ. ಗುರವ್ವ ಕುಸುಬೆ ಹಾಕಿ ಹಿಂಡುತ್ತ, ತಂಬಿಗೆ ಒಡ್ಡಿದವರಿಗೆ ಅಳೆಯುತ್ತ, ಒಬ್ಬೊಬ್ಬರ ಮುಖವನ್ನೂ ನೋಡಿ ಮನಸ್ಸಿನಲ್ಲೇ ಉಗಿಯುತ್ತಿದ್ದಳು. ಒಂದೊಂದು ಸಲ, ಇವರ ಮೂರ್ಖತನದಿಂದಲೇ ತನ್ನ ಎತ್ತಿಗೆ ಒಳ್ಳೆಯ ಮೇವು ಸಿಗುತ್ತಿದೆಯಲ್ಲ ಎಂಬುದು ನೆನಪಾಗಿ, ಆ ಉಗಿತದಲ್ಲಿ ತನಗೂ ಒಂದು ಪಾಲು ಇಟ್ಟುಕೊಳ್ಳುತ್ತಿದ್ದಳು.

ಅವಳಿಗೆ ಇನ್ನೂ ಒಂದು ವಿಷಯ ಗೊತ್ತಿತ್ತು. ಕುಸುಬೆಯ ಎಣ್ಣೆ ಗಾಳಿ ಬಿಸಿಲಿಗೆ ಬಿದ್ದರೆ ಅಂಟಾಗಿ, ತೆಳ್ಳಗೆ ಚರ್ಮದ ಹಾಗೆ ಕೂಡುತ್ತದೆ. ಹಿಂದೆ ಬಾವಿಯಿಂದ ನೀರೆಳೆಯುವ ತೊಗಲಿನ ಚೀಲಕ್ಕೆ ಹನಿ ಸೋರದಿರಲೆಂದು ಇದೇ ಎಣ್ಣೆಯನ್ನು ಕಾಸಿ ಬಳಿಯುತ್ತಿದ್ದರು. ಅಂದರೆ ಕಲ್ಲಿನ ಹೊಟ್ಟೆ ತುಂಬುವ ಮೊದಲೇ ಅದರ ಬಾಯಿ ಕಟ್ಟಿಕೊಳ್ಳುತ್ತದೆ. ಆ ದಿನವನ್ನು ಇನ್ನಷ್ಟು ಹತ್ತಿರ ತರೋಣವೆಂದು ಅವಳು ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಕೊಡದ ತುಂಬ ಕಾಸಿದ ಎಣ್ಣೆ ಹೊತ್ತು ಹೋಗಿ, ಕಲ್ಲಿನ ನಾಲ್ಕೂ ಮೈಗೆ ಕೈಯಾರೆ ತಿಕ್ಕಿ ತಿಕ್ಕಿ ಹಚ್ಚಿ ಬಂದಳು. ಮಡಿವಾಳೆಪ್ಪ ಬೆರಗಾಗಿ ನೋಡಿದ. ಸಂಜೆಯೊಳಗೆ ಊರೆಲ್ಲ ಅದೇ ಮಾತು. ಬಾಯಿ ಕೆಟ್ಟದ್ದಾದರೂ ಗುರವ್ವನ ಭಕ್ತಿ ದೊಡ್ಡದು ಎಂದು ನಾಲ್ಕು ಮಂದಿ ಬಂದು ಅವಳ ಕಾಲು ಮುಟ್ಟಿ ಹೋದರು. ಗುರವ್ವ ಕಾಲು ತೊಳೆದುಕೊಂಡಳು.

ಕಾರಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇತ್ತು. ಸೋಮವಾರ ಹೊತ್ತೇರಿದ ಮೇಲೆ ಮಡಿವಾಳೆಪ್ಪ ಮೊದಲ ಮಿಳ್ಳೆ ಎರೆದ. ಎಣ್ಣೆ ನೆತ್ತಿಯ ಮೇಲೆ ನಿಂತಿತು. ಹೊಳೆಯುತ್ತಲೇ ಇತ್ತು. ಆಮೇಲೆ ನಿಧಾನವಾಗಿ ಒಂದು ಕಡೆ ವಾಲಿ, ಬೆಳ್ಳಿಯ ಕಣ್ಣಿನ ಪಕ್ಕದಿಂದ ಗೆರೆಯಾಗಿ ಇಳಿದು ಧೂಳಿನಲ್ಲಿ ಬಿತ್ತು. ಅವನು ಗಾಬರಿಯಿಂದ ಎರಡನೆಯ ಮಿಳ್ಳೆ ಎರೆದ. ಅದೂ ಇಳಿಯಿತು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ದೇವರು ಅಳುತ್ತಿದೆ ಎಂದು ಕಿರುಚಿದಳು. ಅಷ್ಟೇ ಸಾಕಾಯಿತು. ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ಮಡಿವಾಳೆಪ್ಪನ ಮೂಗಿನ ದನಿ ಹೋಗಿ ಅವನ ಸ್ವಂತ ದನಿ ವಾಪಸು ಬಂತು. ಸಾವಕಾರನನ್ನು ಕರೆಯಲು ಓಡಿದ.

ಗುರವ್ವ ಗಿಡದ ನೆರಳಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು, ಈಗ ಗೊತ್ತಾಗುತ್ತದೆ ಇವರಿಗೆ ಎಂದು ಕಾಯುತ್ತಿದ್ದಳು. ಅವಳ ಜೀವಮಾನದಲ್ಲಿ ಊರ ಮಂದಿಯ ಬುದ್ಧಿಯ ಮೇಲೆ ಅವಳು ಭರವಸೆ ಇಟ್ಟದ್ದು ಅದೊಂದೇ ಸಲ.

ಸಾವಕಾರ ಬಂದ. ಹರಿದ ಎಣ್ಣೆಯನ್ನು ನೋಡಿದ. ಕಣ್ಣು ಮುಚ್ಚಿ ಕೈಮುಗಿದ. ಆಮೇಲೆ, ದೇವರು ಎಣ್ಣೆ ಒಲ್ಲೆ ಎನ್ನುತ್ತಿದೆ ಎಂದ. ಊರಲ್ಲಿ ಒಂದು ಮನೆಯಲ್ಲಿ ಒಂದು ಕಾಗದ ಇದೆ. ಅದು ಇರುವವರೆಗೆ ದೇವರು ಊರಿನ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಮಳೆಗಾಲ ಬಂದಿದೆ, ಇನ್ನು ಮೇಲೆ ನಿಮ್ಮ ನಿಮ್ಮ ವಿಚಾರ ಎಂದ. ಎಲ್ಲ ತಲೆಗಳೂ ಒಟ್ಟಿಗೆ ಸಣ್ಣಪ್ಪನ ಕಡೆ ತಿರುಗಿದವು.

ಗುರವ್ವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಕುಡಿದರೂ ದೇವರು, ಕುಡಿಯದಿದ್ದರೂ ದೇವರು. ಇಷ್ಟು ಸರಳವಾದದ್ದು ತನಗೆ ಹೊಳೆದಿರಲಿಲ್ಲ. ಎರಡು ತಿಂಗಳಿಂದ ಕೂಡಿ ಎಣಿಸಿ, ಒಂದು ಕೊಡ ಎಣ್ಣೆ ಸುರಿದು, ತಾನೇ ಸಣ್ಣಪ್ಪನ ಕೊರಳಿಗೆ ಹಗ್ಗ ಹೊಸೆದು ಕೊಟ್ಟಂತಾಗಿತ್ತು. ಮಂದಿ ಆಗಲೇ ಊರ ಕಡೆ ನುಗ್ಗುತ್ತಿದ್ದರು. ಅವಳು ಅಡ್ಡದಾರಿ ಹಿಡಿದು ಮನೆಗೆ ಹೋಗಿ ಎಣ್ಣೆಯ ತಂಬಿಗೆ, ಮಿಳ್ಳೆ ಎತ್ತಿಕೊಂಡು ಸಣ್ಣಪ್ಪನ ಮನೆಗೆ ಓಡಿದಳು. ಐವತ್ತೈದು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿಕೊಂಡು.

ಅವಳು ಮುಟ್ಟುವ ಹೊತ್ತಿಗೆ ಅಂಗಳ ತುಂಬಿತ್ತು. ಸಾವಕಾರ ಒಂದು ಬದಿಗೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿದ್ದ. ಸಣ್ಣಪ್ಪ ಪೆಟ್ಟಿಗೆಯಿಂದ ಕಾಗದ ತೆಗೆದು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಿದ್ದ. ಬೆನ್ನು ಬಗ್ಗಿಸಿ ಅದನ್ನು ಸಾವಕಾರನ ಕಡೆ ಚಾಚಿದ್ದ. ಹಿಂದೆ ಶಾರದವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ಗಂಡನ ಬೆನ್ನನ್ನು ನೋಡುತ್ತಿದ್ದಳು. ಆ ನೋಟ ಗುರವ್ವನಿಗೆ ಚೆನ್ನಾಗಿ ಪರಿಚಯವಿತ್ತು. ಅದು ಅವಳದೇ ನೋಟ.

ಗುರವ್ವ ಮಂದಿಯನ್ನು ಮೊಣಕೈಯಿಂದ ತಳ್ಳುತ್ತ ಮುಂದೆ ಬಂದು, ಸಣ್ಣಪ್ಪನ ಕಾಲ ಮುಂದಿನ ಮೆಟ್ಟಿಲ ಹತ್ತಿರ ಕೂತಳು. ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು.

“ನೋಡ್ರಿ ಎಲ್ಲಾರೂ. ಇದು ಸಣ್ಣಪ್ಪನ ಪಾವಟಿಗಿ ಕಲ್ಲು. ಎಂಟ ವರ್ಷ ಆತು, ಮಂದಿ ದನಾ ಎಲ್ಲಾ ತುಳದಾರ. ಇದೂ ಆ ನಿಮ್ಮ ದೇವರೂ ಒಂದ ಬಂಡ್ಯಾಗ ಬಂದದ್ದು. ಹೌದಲ್ಲರಿ ಸಾವಕಾರ?”

ಉತ್ತರಕ್ಕೆ ಕಾಯದೆ ಅವಳು ಮಿಳ್ಳೆ ತುಂಬಿ ಎರೆದಳು. ಬೇಸಿಗೆಯ ಬಿಸಿಲಿಗೆ ಕಾದು ಒಣಗಿದ್ದ ಕಲ್ಲು. ಎಣ್ಣೆ ಒಂದು ಗಳಿಗೆ ಹೊಳೆದು, ಕಪ್ಪಾಗಿ ಹರಡಿ, ಒಳಗೆ ಇಳಿದುಹೋಯಿತು. ಎರಡನೆಯದನ್ನು ಎರೆದಳು. ಅದೂ ಹೋಯಿತು. ಮೂರನೆಯದು ಇನ್ನೂ ಬೇಗ ಹೋಯಿತು. ಅವಳು ಎದ್ದು ಮಂದಿಯ ಕಡೆ ತಿರುಗಿ, ತಿಳಿಯಿತೇ ಈಗ, ಕಲ್ಲೆಂದರೆ ಕಲ್ಲು ಎಂದು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ, ಹೊಲದಲ್ಲಿ ಕಿರುಚಿದ್ದ ಅದೇ ಮುದುಕಿ ಎರಡೂ ಕೈ ಎತ್ತಿ, “ಯವ್ವಾ, ತಾಯಿ ಇಲ್ಲಿ ಬಂದು ಕುಂತಾಳಲ್ಲೋ,” ಎಂದು ಮೆಟ್ಟಿಲ ಮುಂದೆ ಬಿದ್ದಳು.

ಅವಳ ಹಿಂದೆ ಇನ್ನೊಬ್ಬಳು ಬಿದ್ದಳು. ಆಮೇಲೆ ನಾಲ್ಕು ಮಂದಿ, ಆಮೇಲೆ ಸಾಲು ಸಾಲು. ದೇವರು ಯಾಕೆ ಅತ್ತಿತು ಎಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಅವನ ಹೆಂಡತಿ ಇಲ್ಲಿ ಮಂದಿಯ ಕಾಲಡಿ ಇದ್ದಾಳೆ, ಅವನು ಅಲ್ಲಿ ಒಬ್ಬನೇ ಹೇಗೆ ಉಂಡಾನು? ಗುರವ್ವನೇ ಹೇಳಿದಳಲ್ಲ, ಇಬ್ಬರೂ ಒಂದೇ ಬಂಡಿಯಲ್ಲಿ ಬಂದವರೆಂದು. ಯಾರೋ ಅರಿಸಿನ ತಂದರು, ಯಾರೋ ಕುಂಕುಮ ತಂದರು. ತಾಯಿ ಹುಡುಕಿಕೊಂಡು ಬಂದದ್ದು ಯಾರ ಮನೆಗೆ ಎಂದು ಒಬ್ಬ ಕೇಳಿದ. ಗಂಡನ ಹೊಲ ಉಳುವವನ ಮನೆಗೇ ಎಂದು ಇನ್ನೊಬ್ಬ ಉತ್ತರ ಕೊಟ್ಟ. ಆ ಮಾತು ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುವಷ್ಟರಲ್ಲಿ ಶಾಸ್ತ್ರವಾಗಿಬಿಟ್ಟಿತ್ತು.

ಗುರವ್ವನ ತೆರೆದ ಬಾಯಿ ತೆರೆದೇ ಇತ್ತು. ಇಂಥ ಮಂದಿಗೆ ಸತ್ಯ ಹೇಳುವುದಕ್ಕಿಂತ ಎತ್ತಿನ ಕಿವಿಯಲ್ಲಿ ಹೇಳಿದರೆ ಅದಾದರೂ ತಲೆ ಅಲ್ಲಾಡಿಸೀತು. ಅವಳು ಸಾವಕಾರನ ಮುಖ ನೋಡಿದಳು. ಅದೊಂದು ನೋಡುವಂಥ ಮುಖವಾಗಿತ್ತು. ಇದು ಬರೀ ಕಲ್ಲು ಎಂದರೆ ತನ್ನದೂ ಕಲ್ಲಾಗುತ್ತದೆ. ತನ್ನದು ದೇವರು ಎಂದರೆ ಇದೂ ದೇವರೇ. ಮಂದಿ ಅವನಿಗೆ ದಾರಿ ಬಿಟ್ಟು ನಿಂತರು. ಊರ ಹಿರಿಯ, ಮೊದಲ ಪೂಜೆ ಅವನದೇ ಆಗಬೇಕು. ಅವನು ಪಟಕಾ ಸರಿಮಾಡಿಕೊಂಡು ಬಂದು, ತನ್ನ ಆಳು ದಿನಾ ತುಳಿಯುವ ಮೆಟ್ಟಿಲಿಗೆ ಕುಂಕುಮ ಇಟ್ಟು ಕೈ ಮುಗಿದ.

“ಒಳ್ಳೇದಾತು ಗುರವ್ವ,” ಎಂದ, ಅವಳಿಗಷ್ಟೇ ಕೇಳುವಂತೆ.

“ನಿಮ್ಮ ಆಶೀರ್ವಾದ್ರಿ,” ಎಂದಳು ಗುರವ್ವ.

ಆಗಲೂ ಅವಳು ಕೂಗಿ ಹೇಳಬಹುದಿತ್ತು. ಆದರೆ ಬಾಗಿಲಲ್ಲಿ ಸಣ್ಣಪ್ಪ ನಿಂತಿದ್ದ. ಕಾಗದವನ್ನು ಎದೆಗೆ ಒತ್ತಿಕೊಂಡಿದ್ದ, ಬೆನ್ನು ನೆಟ್ಟಗಾಗಿತ್ತು. ಇಷ್ಟು ವರ್ಷದಲ್ಲಿ ಆ ಮನುಷ್ಯ ಇಷ್ಟು ಎತ್ತರವಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನ ಧೈರ್ಯ ನಿಂತದ್ದು ಸುಳ್ಳಿನ ಮೇಲೆ, ಅದನ್ನು ಎಳೆದರೆ ಅವನೂ ಬೀಳುತ್ತಾನೆ. ಅವಳು ಹೇಳಬೇಕೆಂದ ಮಾತನ್ನು ಕಹಿ ಔಷಧಿಯ ಹಾಗೆ ನುಂಗಿ, ಖಾಲಿ ತಂಬಿಗೆ ಎತ್ತಿಕೊಂಡು ಮನೆಗೆ ಹೋದಳು.

ಆ ಬುಧವಾರವೇ ಸಣ್ಣಪ್ಪ ನವಲಗುಂದಕ್ಕೆ ಹೋಗಿ ಅರ್ಜಿ ಕೊಟ್ಟು ಬಂದ. ವಿಚಾರಣೆಗೆ ಒಂದೂವರೆ ವರ್ಷ ಹಿಡಿಯಿತು. ಸಾಕ್ಷಿಗೆ ಕರೆದವರೆಲ್ಲ, ಹಿಂದಾದರೆ ಸಾವಕಾರ ಹೇಳಿಕೊಟ್ಟಂತೆ ಹೇಳುವವರು, ಈಗ ತಾಯಿಗೆ ಹೆದರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಣ್ಣಪ್ಪ ಮತ್ತು ಅವನ ಅಪ್ಪನೇ ಅಲ್ಲಿ ಉತ್ತವರು, ಬೇರೆ ಯಾರೂ ಅಲ್ಲ. ಸಾವಕಾರನೂ ಅಲ್ಲವೆನ್ನಲಿಲ್ಲ. ಎಂಟೆಕರೆ ಸಣ್ಣಪ್ಪನ ಹೆಸರಿಗಾಯಿತು. ಬೇವಿನ ಗಿಡದ ಕೆಳಗಿನ ದೇವರ ಮೇಲೆ ಅಂಟು ಕೂತು, ಅಂಟಿನ ಮೇಲೆ ಧೂಳು ಕೂತು, ಕೊನೆಗೆ ಬೆಳ್ಳಿಯ ಕಣ್ಣುಗಳನ್ನು ಯಾರೋ ಕಿತ್ತುಕೊಂಡು ಹೋದರು. ಮಡಿವಾಳೆಪ್ಪ ಮತ್ತೆ ಸಾವಕಾರನ ಕಟ್ಟೆಗೆ ಎಲೆ ಅಡಿಕೆ ಮೆಲ್ಲಲು ವಾಪಸಾದ.

ಸಣ್ಣಪ್ಪನ ಮನೆಯಲ್ಲಿ ಮಾತ್ರ ದೇವಿ ಗಟ್ಟಿಯಾಗಿ ಕೂತಳು. ಮೆಟ್ಟಿಲ ಮೇಲೆ ಯಾರೂ ಕಾಲಿಡುವ ಹಾಗಿರಲಿಲ್ಲ. ಅದನ್ನು ದಾಟಿ ಜಿಗಿಯುವುದೂ ಅಪಚಾರವೆಂದು ಅವನು ಮುಂಬಾಗಿಲನ್ನೇ ಮುಚ್ಚಿ, ಹಿಂದಿನ ಕೊಟ್ಟಿಗೆಯ ಗೋಡೆ ಒಡೆದು ಒಂದು ಕಿಂಡಿ ಮಾಡಿಸಿದ. ಎರಡು ವರ್ಷ ಆ ಮನೆಯವರು ಬಗ್ಗಿ, ಸೆಗಣಿ ತುಳಿದು, ಎಮ್ಮೆಯ ಪಕ್ಕದಿಂದ ನುಸುಳಿ ಒಳಗೆ ಹೋಗಿ ಬರುತ್ತಿದ್ದರು. ಶಾರದವ್ವ ಎರಡು ಕೊಡ ನೀರು ಹೊತ್ತು ಆ ಕಿಂಡಿಯಲ್ಲಿ ತೂರುವುದನ್ನು ಕಂಡಾಗಲೆಲ್ಲ ಗುರವ್ವ ಹಲ್ಲು ಕಡಿಯುತ್ತಿದ್ದಳು. ಸಣ್ಣಪ್ಪನಿಗೆ ಮಾತಾಡುವ ಧಾಟಿ ಬಂದಿತ್ತು. ಒಂದು ದಿನ ಗಾಣಕ್ಕೆ ಬಂದವನು, ತಾಯಿಗೆ ದಿನಾ ಒಂದು ಪಾವು ಎಣ್ಣೆ ಸೇವೆಯೆಂದು ಕೊಟ್ಟರೆ ಚಿಗವ್ವನ ಪಾಪ ಕಳೆಯುತ್ತದೆ ಎಂದು ಕಣ್ಣು ಅರೆಮುಚ್ಚಿ ಉಪದೇಶ ಮಾಡಿದ. ಗುರವ್ವ ಅವನ ಕಡೆ ಹಿಂಡಿಯ ಹೆಂಟೆಯೊಂದನ್ನು ಎಸೆದಳು.

ಹೊಲ ಸ್ವಂತದ್ದಾದ ಮೇಲಿನ ಮೊದಲ ಹಿಂಗಾರಿ ಜೋಳ ಚೆನ್ನಾಗಿ ಬಂತು. ಚೀಲಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದರು. ಗುರವ್ವ ಹಿಂಡಿ ಕೊಡಲೆಂದು ಆ ಕಡೆ ಬಂದವಳು ಅಂಗಳದಲ್ಲಿ ನಿಂತು ನೋಡಿದಳು. ಚೀಲ ಹಿಂದಿನ ಕಿಂಡಿಯಲ್ಲಿ ಹಿಡಿಯಲಿಲ್ಲ. ಅಡ್ಡ ಹಾಕಿದರು, ಉದ್ದ ಹಾಕಿದರು, ಒಂದು ಚೀಲ ಹರಿದು ಜೋಳ ಸೆಗಣಿಯಲ್ಲಿ ಚೆಲ್ಲಿತು. ಬುಟ್ಟಿಯಲ್ಲಿ ತುಂಬಿ ತುಂಬಿ ಒಯ್ಯೋಣ, ನಾಲ್ಕು ದಿನ ಹಿಡಿದರೂ ಚಿಂತೆಯಿಲ್ಲ ಎಂದು ಸಣ್ಣಪ್ಪ ಹೇಳುತ್ತಿದ್ದ. ಆಕಾಶದ ಮೂಲೆಯಲ್ಲಿ ಅಕಾಲದ ಮೋಡ ಏರುತ್ತಿತ್ತು.

ಶಾರದವ್ವ ಮುಂದಿನ ಕಡೆ ಬಂದಳು. ಬಾಗಿಲ ಅಗಳಿ ತೆಗೆಸಿದಳು. ಬಂಡಿಯಿಂದ ಒಂದು ಚೀಲವನ್ನು ಬೆನ್ನ ಮೇಲೆ ಎಳೆದುಕೊಂಡು, ಅರಿಸಿನ ಕುಂಕುಮ ಮೆತ್ತಿದ್ದ ಆ ಕಲ್ಲಿನ ನಟ್ಟನಡುವೆ ಕಾಲೂರಿ ಒಳಗೆ ಹೋದಳು. ಸಣ್ಣಪ್ಪ ಹೌಹಾರಿದ. ಅವಳು ಹೊರಗೆ ಬಂದಳು, ಮತ್ತೆ ಅದನ್ನೇ ತುಳಿದು.

“ದೇವಿ ಸಿಟ್ಟಾಗ್ತಾಳ,” ಎಂದ ಅವನು. ದನಿ ಮತ್ತೆ ಹಳೆಯ ಸಣ್ಣಪ್ಪನದಾಗಿತ್ತು.

“ಆಗ್ಲಿ. ಜ್ವಾಳ ತೋದ್ರ ನಾ ಸಿಟ್ಟಾಗ್ತೀನಿ. ಯಾವ ಸಿಟ್ಟು ಬೇಕು, ನೀನ ಹೇಳು,” ಎಂದು ಶಾರದವ್ವ ಎರಡನೆಯ ಚೀಲಕ್ಕೆ ಕೈ ಹಾಕಿದಳು.

ಸಣ್ಣಪ್ಪ ನಿಂತಲ್ಲೇ ನಿಂತಿದ್ದ. ಗುರವ್ವ ಹಿಂಡಿಯ ಬುಟ್ಟಿ ಕೆಳಗಿಟ್ಟು ಸೆರಗು ಬಿಗಿದುಕೊಂಡಳು. ಯಾರನ್ನೂ ಬೈಯಬೇಕೆಂದು ಅವಳಿಗೆ ಅನಿಸಲಿಲ್ಲ. ಅದು ಅವಳಿಗೇ ಹೊಸದಾಗಿತ್ತು.

“ಒಬ್ಬಾಕಿನ ಎತ್ತಬ್ಯಾಡಬೇ, ಸೊಂಟ ಹಿಡೀತೈತಿ,” ಎಂದು ಬಂಡಿಯ ಹತ್ತಿರ ಹೋಗಿ ಚೀಲದ ಇನ್ನೊಂದು ತುದಿ ಹಿಡಿದಳು.

ಮಳೆ ಬರುವಷ್ಟರಲ್ಲಿ ಇಬ್ಬರೂ ಸೇರಿ ಇಪ್ಪತ್ತೆರಡು ಚೀಲ ಒಳಗೆ ಹಾಕಿದ್ದರು.